ಕ್ಯಾಮೆರಾ ಪಿಸಿಯಿಂದ ಯುಆರ್10ಇ ರೋಬೋಗೆ ಈಥರ್ನೆಟ್‌ನಲ್ಲಿ ಪಿಕ್ ಪಾಯಿಂಟ್ ಕಳಿಸೋದು: 30002ರಲ್ಲಿ ಮೂವ್ ಅರ್ಧಕ್ಕೇ ಕಡಿದು ಹೋಗ್ತಿದೆ

ವಿಷನ್_ಬೆಂಚ್:

ಎಲ್ಲರಿಗೂ ನಮಸ್ಕಾರ. ಯೂನಿವರ್ಸಲ್ ರೋಬೋಟ್ಸ್‌ನ ಯುಆರ್10ಇ, ಅದರ ಸಾಫ್ಟ್‌ವೇರ್ ಪಾಲಿಸ್ಕೋಪ್ 5. ಟ್ರೇ ಮೇಲ್ಗಡೆ ಗಿಗ್‌ಇ (ಗಿಗಾಬಿಟ್ ಈಥರ್ನೆಟ್) ಕ್ಯಾಮೆರಾ, ಉಬುಂಟು ಪಿಸಿಯಲ್ಲಿ ಪೈಥಾನ್. ಟ್ರೇಯಲ್ಲಿ ಅಡ್ಡಾದಿಡ್ಡಿ ಬಿದ್ದಿರುವ ಅಲ್ಯೂಮಿನಿಯಂ ಹೌಸಿಂಗ್‌ಗಳನ್ನು ಒಂದೊಂದಾಗಿ ಎತ್ತಿ ಫಿಕ್ಸ್‌ಚರ್‌ನಲ್ಲಿ ಕೂರಿಸಬೇಕು. ರೋಬೋ 192.168.1.10, ಪಿಸಿ 192.168.1.20, ಕ್ಯಾಮೆರಾ 192.168.1.30. ಮೂರೂ ಒಂದೇ ಸ್ವಿಚ್‌ನಲ್ಲಿವೆ.

ಈಗ ಮಾಡ್ತಿರೋದು ಇಷ್ಟೇ: ರೋಬೋವನ್ನು ರಿಮೋಟ್ ಕಂಟ್ರೋಲ್‌ಗೆ ಹಾಕಿ, ಅದರ 30002 ಪೋರ್ಟ್‌ಗೆ ಟಿಸಿಪಿ ಸಾಕೆಟ್ ತೆರೆದು, ಮೂವ್‌ಎಲ್ (ನೇರ ಗೆರೆಯಲ್ಲಿ ಚಲಿಸೋ ಆಜ್ಞೆ) ಸಾಲು ಕಳಿಸಿ, ಸಾಕೆಟ್ ಮುಚ್ಚೋದು. ತೊಂದರೆ ಮೂರು.

ಒಂದು, ಮೊದಲ ಮೂವ್ ಮುಗಿಯೋ ಮುಂಚೆ ಎರಡನೇದು ಹೋದರೆ ಮೊದಲನೇದು ಜರ್ಕ್ ಹೊಡೆದು ನಿಂತು, ಎರಡನೇದು ಶುರುವಾಗುತ್ತೆ. ಸದ್ಯಕ್ಕೆ ನಡುವೆ 3 ಸೆಕೆಂಡ್ ಸ್ಲೀಪ್ ಹಾಕಿದೀನಿ. ಎರಡು, ಕೆಲವೊಮ್ಮೆ ಪೈಥಾನ್ ಎರರ್ ಇಲ್ಲದೆ ಕಳಿಸಿದೆ ಅನ್ನುತ್ತೆ, ರೋಬೋ ಮಾತ್ರ ಅಲ್ಲಾಡಲ್ಲ. ಮೂರು, ಪಾರ್ಟ್ ತಿರುಗಿರೋ ಕೋನವನ್ನು ಪೋಸ್‌ನ (ಟೂಲ್‌ನ ಸ್ಥಾನ, ದಿಕ್ಕು ಹೇಳೋ ಆರು ಸಂಖ್ಯೆ) ಕೊನೇ ಸಂಖ್ಯೆ ಆರ್‌ಝಡ್‌ಗೆ ಕೂಡಿಸಿದರೆ ಗ್ರಿಪ್ಪರ್ ತಿರುಗೋ ಬದಲು ಓರೆಯಾಗಿ ಬಾಗುತ್ತೆ.

ಮುಂದೆ ಇದನ್ನೇ ಕನ್ವೇಯರ್ ಮೇಲೆ ಮಾಡಬೇಕು ಅಂತಿದ್ದಾರೆ. ಜೊತೆಗೆ ಎಮರ್ಜೆನ್ಸಿ ಸ್ಟಾಪನ್ನೂ ಪಿಸಿಯಿಂದಲೇ ಕೊಡಬಹುದಾ? ಸರಿಯಾದ ದಾರಿ ಯಾವುದು ಹೇಳಿ.

ಟೀಚ್‌ಪೆಂಡೆಂಟ್:

ಮೊದಲ ಎರಡು ತೊಂದರೆಯ ಬೇರು ಒಂದೇ. 30002 ಕಮಾಂಡ್ ಕ್ಯೂ ಅಲ್ಲ. ಅಲ್ಲಿಗೆ ಹೋದ ಪ್ರತಿ ಪಠ್ಯವೂ ರೋಬೋ ಪಾಲಿಗೆ ಒಂದು ಪೂರ್ತಿ ಹೊಸ ಪ್ರೋಗ್ರಾಂ. ಹೊಸ ಪ್ರೋಗ್ರಾಂ ಬಂತು ಅಂದ್ರೆ ಓಡ್ತಿರೋದು ಅಲ್ಲೇ ಸಾಯುತ್ತೆ. ನಿಮಗೆ ಕಾಣ್ತಿರೋ ಜರ್ಕ್ ಅದೇ. ಸ್ಲೀಪ್ ಹಾಕಿ ದಿನ ದೂಡಬಹುದು, ಆದರೆ ಸ್ಪೀಡ್ ಸ್ಲೈಡರನ್ನು ಯಾರಾದರೂ 50%ಗೆ ಇಳಿಸಿದ ತಕ್ಷಣ ನಿಮ್ಮ 3 ಸೆಕೆಂಡ್ ಸಾಲಲ್ಲ. ಇನ್ನೊಂದು ನಷ್ಟವೂ ಇದೆ: ಎರಡು ಪಾಯಿಂಟ್‌ಗಳ ನಡುವೆ ನಿಲ್ಲದೆ ಹಾಯೋ ಬ್ಲೆಂಡ್ ರೇಡಿಯಸ್ ಒಂದೇ ಪ್ರೋಗ್ರಾಂ ಒಳಗಿನ ಮೂವ್‌ಗಳ ನಡುವೆ ಮಾತ್ರ ಕೆಲಸ ಮಾಡುತ್ತೆ. ಒಂದೊಂದೇ ಸಾಲು ಕಳಿಸಿದರೆ ಪ್ರತಿ ಪಾಯಿಂಟ್‌ನಲ್ಲೂ ನಿಂತೇ ಹೋಗಬೇಕು.

ರೋಬೋ ಅಲ್ಲಾಡದೆ ಇರೋದಕ್ಕೆ ಕಾರಣ ಹೆಚ್ಚಾಗಿ ನೀವು ಸಾಕೆಟ್ ಮುಚ್ಚೋ ಆತುರ. 30002 ನಿಮ್ಮ ಮಾತು ಕೇಳೋದರ ಜೊತೆಗೆ ಸೆಕೆಂಡಿಗೆ 10 ಸಲ ರೋಬೋದ ಸ್ಥಿತಿಯನ್ನು ಬೈನರಿಯಲ್ಲಿ ಕಳಿಸ್ತಾನೇ ಇರುತ್ತೆ. ಅದನ್ನು ನೀವು ಓದಿಲ್ಲ. ಓದದ ಡೇಟಾ ಬಫರ್‌ನಲ್ಲಿ ಇರುವಾಗಲೇ ಸಾಕೆಟ್ ಮುಚ್ಚಿದರೆ ಲಿನಕ್ಸ್ ಮಾಮೂಲಿ ವಿದಾಯದ ಬದಲು ಟಿಸಿಪಿ ರೀಸೆಟ್ ಕಳಿಸುತ್ತೆ. ರೀಸೆಟ್ ಬಂದಾಗ ಕಂಟ್ರೋಲರ್ ನಿಮ್ಮ ಸಾಲನ್ನು ಇನ್ನೂ ಓದಿರದಿದ್ದರೆ ಅದೂ ಕಸಕ್ಕೆ. ಪೈಥಾನ್ ದೃಷ್ಟಿಯಲ್ಲಿ ಡೇಟಾ ಕರ್ನೆಲ್‌ಗೆ ತಲುಪಿತು, ಅದರ ಕೆಲಸ ಮುಗೀತು, ಹಾಗಾಗಿ ಎರರ್ ಇಲ್ಲ.

ಇದರ ಜೊತೆಗೆ ಇವಿಷ್ಟೂ ನೋಡಿಬಿಡಿ. ಸಾಲಿನ ಕೊನೆಗೆ ನ್ಯೂಲೈನ್ ಇರಲೇಬೇಕು. ಒಂದಕ್ಕಿಂತ ಹೆಚ್ಚು ಸಾಲು ಇದ್ದರೆ ಡೆಫ್ ಮತ್ತು ಎಂಡ್ ನಡುವೆ ಕಟ್ಟಬೇಕು, ಇಲ್ಲದಿದ್ದರೆ ಪ್ರತಿ ಸಾಲೂ ಬೇರೆ ಪ್ರೋಗ್ರಾಂ ಆಗಿ ಕೊನೇದೊಂದೇ ಉಳಿಯುತ್ತೆ. ಪೆಂಡೆಂಟ್‌ನಲ್ಲಿ (ರೋಬೋ ನಡೆಸೋ ಟಚ್‌ಸ್ಕ್ರೀನ್) ಯಾರಾದರೂ ಲೋಕಲ್‌ಗೆ ತಿರುಗಿಸಿದ್ದರೆ 30001ರಿಂದ 30003ರವರೆಗಿನ ಪೋರ್ಟ್‌ಗಳು ಸ್ಕ್ರಿಪ್ಟ್ ಒಪ್ಪಲ್ಲ. ಸ್ಕ್ರಿಪ್ಟ್‌ನಲ್ಲಿ ತಪ್ಪಿದ್ದರೆ ಎರರ್ ಬರೋದು ಪೆಂಡೆಂಟ್‌ನ ಲಾಗ್‌ನಲ್ಲಿ, ನಿಮ್ಮ ಪಿಸಿಯಲ್ಲಲ್ಲ.

ಪೋರ್ಟ್‌ಗಳ ಹಂಚಿಕೆ ಹೀಗಿದೆ. 29999 ಡ್ಯಾಶ್‌ಬೋರ್ಡ್: ಪವರ್ ಆನ್, ಬ್ರೇಕ್ ರಿಲೀಸ್, ಪ್ರೋಗ್ರಾಂ ಲೋಡ್, ಪ್ಲೇ, ಸ್ಟಾಪ್, ಎಲ್ಲ ಸರಳ ಪಠ್ಯ. 30001, 30002: ಸ್ಕ್ರಿಪ್ಟ್ ಮತ್ತು 10 ಹರ್ಟ್ಸ್ ಸ್ಥಿತಿ. 30003: ಇ-ಸೀರೀಸ್‌ನಲ್ಲಿ 500 ಹರ್ಟ್ಸ್, ಹಳೆಯ ಸಿಬಿ3ಯಲ್ಲಿ 125. 30004: ಆರ್‌ಟಿಡಿಇ, ಅಂದರೆ ಬೇಕಾದ ವೇರಿಯಬಲ್‌ಗಳನ್ನು ಮಾತ್ರ ಆರಿಸಿ ಓದೋ ಬರೆಯೋ ದಾರಿ. 502: ಮಾಡ್‌ಬಸ್ ಟಿಸಿಪಿ. ನಿಮ್ಮ ಕೆಲಸಕ್ಕೆ ಚಾಲನೆ ಕೊಡಲು 29999, ಸಂಖ್ಯೆ ಸಾಗಿಸಲು ಮಾಮೂಲಿ ಸಾಕೆಟ್ ಅಥವಾ 30004 ಸಾಕು. 30002ನ್ನು ಬಿಟ್ಟುಬಿಡಿ.

ಮೋಷನ್ ಪ್ರೋಗ್ರಾಂ ರೋಬೋದಲ್ಲೇ ಇರಲಿ. ಅಪ್ರೋಚ್, ಪಿಕ್, ರಿಟ್ರ್ಯಾಕ್ಟ್, ಪ್ಲೇಸ್ ಎಲ್ಲ ಅಲ್ಲೇ. ಕೇಬಲ್‌ನಲ್ಲಿ ಹೋಗಬೇಕಾದ್ದು ಪಾಯಿಂಟ್‌ನ ಕೆಲವೇ ಸಂಖ್ಯೆ ಮತ್ತು ಒಂದು ಹ್ಯಾಂಡ್‌ಶೇಕ್ (ಕೇಳಿದೆ, ಸಿಕ್ಕಿತು ಅನ್ನೋ ಸಂಕೇತ), ಅಷ್ಟೇ.

ರಿಜಿಸ್ಟರ್24:

ಮೇಲಿನವರು ಹೇಳಿದ್ದಕ್ಕೆ ವಿವರ ಸೇರಿಸ್ತೀನಿ. ನಿಮ್ಮ ಟ್ರೇ ಕೆಲಸಕ್ಕೆ ರೋಬೋ ಕೇಳಿ ಪಿಸಿ ಕೊಡೋ ಪದ್ಧತಿ ಎಲ್ಲಕ್ಕಿಂತ ಸರಳ. ಪಿಸಿ ಸರ್ವರ್, ರೋಬೋ ಕ್ಲೈಂಟ್. ರೋಬೋ ಪ್ರೋಗ್ರಾಂನಲ್ಲಿ ಸಾಕೆಟ್ ಓಪನ್ ಫಂಕ್ಷನ್‌ಗೆ 192.168.1.20, ಪೋರ್ಟ್ 50000, ಒಂದು ಹೆಸರು ಕೊಡಿ. ಕೈ ಕ್ಯಾಮೆರಾ ದಾರಿಯಿಂದ ಹೊರಗೆ ಬಂದ ಮೇಲೆ ರೋಬೋ ಒಂದು ಪದ ಕಳಿಸಲಿ. ಪಿಸಿ ಆಗ ಫೋಟೋ ತೆಗೆದು ಹೀಗೆ ಉತ್ತರಿಸಲಿ:

(0.41200,-0.23000,0.15000,0.52360)

ಆವರಣ ಚಿಹ್ನೆ ಕಡ್ಡಾಯ, ನಡುವೆ ಕಾಮಾ. ಎಕ್ಸ್, ವೈ, ಝಡ್ ಮೀಟರ್‌ನಲ್ಲಿ, ಕೋನ ರೇಡಿಯನ್‌ನಲ್ಲಿ. ಕ್ಯಾಮೆರಾ ಸಾಫ್ಟ್‌ವೇರ್ ಮಿಲಿಮೀಟರ್‌ನಲ್ಲಿ ಕೊಟ್ಟರೆ ಪಿಸಿಯಲ್ಲೇ 1000ದಿಂದ ಭಾಗಿಸಿ, ರೋಬೋದಲ್ಲಿ ಬೇಡ. ರೋಬೋ ಇದನ್ನು ಸಾಕೆಟ್ ರೀಡ್ ಆಸ್ಕಿ ಫ್ಲೋಟ್ ಫಂಕ್ಷನ್‌ನಿಂದ ಓದುತ್ತೆ. ವಾಪಸ್ ಬರೋ ಪಟ್ಟಿಯ ಮೊದಲ ಸ್ಥಾನದಲ್ಲಿ ಎಷ್ಟು ಸಂಖ್ಯೆ ಸಿಕ್ಕಿತು ಅನ್ನೋ ಎಣಿಕೆ ಇರುತ್ತೆ, ನಿಜವಾದ ಡೇಟಾ ಸೂಚ್ಯಂಕ 1ರಿಂದ ಶುರು. ಎಣಿಕೆ 4 ಅಲ್ಲದಿದ್ದರೆ ಮೂವ್ ಮಾಡಬಾರದು, ಮತ್ತೆ ಕೇಳಬೇಕು. ಟೈಮ್‌ಔಟ್ ಏನೂ ಕೊಡದಿದ್ದರೆ 2 ಸೆಕೆಂಡ್. ಇಮೇಜ್ ಪ್ರೊಸೆಸಿಂಗ್‌ಗೆ ಅದಕ್ಕಿಂತ ಹೆಚ್ಚು ಹಿಡಿದರೆ 5 ಕೊಡಿ. 0 ಕೊಟ್ಟರೆ ಉತ್ತರ ಬರೋವರೆಗೂ ಕಾಯ್ತಾ ಕೂರುತ್ತೆ; ಪಿಸಿ ಹ್ಯಾಂಗ್ ಆದ ದಿನ ಆಪರೇಟರ್‌ಗೆ ಯಾವ ಸುಳಿವೂ ಸಿಗಲ್ಲ.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಸಂಪರ್ಕ ಶುರುಮಾಡೋದು ರೋಬೋ ಆದ್ದರಿಂದ ಲೋಕಲ್ ಮೋಡ್‌ನಲ್ಲೂ ನಡೆಯುತ್ತೆ. ಪೆಂಡೆಂಟ್ ಕೈಲಿ ಹಿಡಿದು ನಿಧಾನ ಸ್ಪೀಡ್‌ನಲ್ಲಿ ಡೀಬಗ್ ಮಾಡಬಹುದು.

ಮೂರನೇ ತೊಂದರೆ: ಪೋಸ್‌ನ ಕೊನೇ ಮೂರು ಸಂಖ್ಯೆ ರೋಲ್, ಪಿಚ್, ಯಾ ಅಲ್ಲ. ಅದು ರೊಟೇಷನ್ ವೆಕ್ಟರ್: ಮೂರೂ ಸೇರಿ ಒಂದು ಅಕ್ಷದ ದಿಕ್ಕು, ಅದರ ಉದ್ದವೇ ಕೋನ. ಗ್ರಿಪ್ಪರ್ ಕೆಳಮುಖವಾಗಿದ್ದಾಗ ಅದು (3.1416, 0, 0). ಆರ್‌ಝಡ್‌ಗೆ 0.5 ಕೂಡಿಸಿದರೆ ಅಕ್ಷವೇ ಓರೆಯಾಯ್ತು, ಗ್ರಿಪ್ಪರ್ ಬಾಗದೆ ಇನ್ನೇನು ಮಾಡೀತು. ಕೆಳಮುಖ ಪೋಸನ್ನು ಮೊದಲು ಕಟ್ಟಿ, ಪೋಸ್ ಟ್ರಾನ್ಸ್ ಫಂಕ್ಷನ್‌ನಿಂದ (0, 0, 0, 0, 0, ಕೋನ) ಅನ್ನೋ ಪೋಸನ್ನು ಅದಕ್ಕೆ ಗುಣಿಸಿ. ಆಗ ತಿರುಗುವುದು ಟೂಲ್‌ನ ಝಡ್ ಅಕ್ಷದ ಸುತ್ತ. ಟೂಲ್ ಝಡ್ ಕೆಳಗೆ ನೋಡುತ್ತೆ, ಬೇಸ್ ಝಡ್ ಮೇಲೆ ನೋಡುತ್ತೆ. ಆದ್ದರಿಂದ ಬೇಸ್ ಫ್ರೇಮ್‌ನಲ್ಲಿ ಅಳೆದ ಕೋನದ ಚಿಹ್ನೆ ಬದಲಿಸಬೇಕು. 0 ಡಿಗ್ರಿ ಮತ್ತು 180 ಡಿಗ್ರಿಯಲ್ಲಿ ಮಾತ್ರ ಟೆಸ್ಟ್ ಮಾಡಿದರೆ ಈ ತಪ್ಪು ಕಾಣಿಸಲ್ಲ. 30 ಡಿಗ್ರಿ ತಿರುಗಿಸಿಟ್ಟ ಪಾರ್ಟ್‌ನಲ್ಲಿ ನೋಡಿ.

ಮೂವ್ ಮಾಡೋ ಮುಂಚೆ ರೋಬೋ ಕಡೆಯೇ ತಪಾಸಣೆ ಇರಲಿ: ಎಕ್ಸ್, ವೈ ಟ್ರೇ ಗಡಿಯೊಳಗಿದೆಯಾ, ಝಡ್ ಟ್ರೇ ತಳಕ್ಕಿಂತ ಮೇಲಿದೆಯಾ, ಈಸ್ ವಿದಿನ್ ಸೇಫ್ಟಿ ಲಿಮಿಟ್ಸ್ ಫಂಕ್ಷನ್ ಹೌದು ಅನ್ನುತ್ತಾ. ಕ್ಯಾಮೆರಾ ಒಂದು ದಿನ ಲೈಟ್ ಹೊಳಪನ್ನೇ ಪಾರ್ಟ್ ಅಂತ ಹಿಡಿಯುತ್ತೆ, ಅದು ಖಂಡಿತ.

ವಿಷನ್_ಬೆಂಚ್:

ಪೋಸ್ ಟ್ರಾನ್ಸ್ ಹಾಕಿದ ಮೇಲೆ ಕೋನ ಸರಿಯಾಯ್ತು, ಚಿಹ್ನೆ ನಿಜಕ್ಕೂ ಉಲ್ಟಾ ಇತ್ತು. ಧನ್ಯವಾದ. ಸಾಕೆಟ್ ಇಷ್ಟು ಸಾಕು ಅಂದ ಮೇಲೆ ಆರ್‌ಟಿಡಿಇ ಯಾವಾಗ ಬೇಕು? ಇಂಟರ್‌ಪ್ರಿಟರ್ ಮೋಡ್ ಅಂತಲೂ ಒಂದು ಕೇಳಿದ್ದೆ.

ರಿಜಿಸ್ಟರ್24:

ಪಿಸಿಗೆ ರೋಬೋದ ಸ್ಥಿತಿ ಎಡೆಬಿಡದೆ ಬೇಕಾದಾಗ (ಜಾಯಿಂಟ್ ಪೊಸಿಷನ್, ಫೋರ್ಸ್, ಸೇಫ್ಟಿ ಸ್ಟೇಟಸ್), ಅಥವಾ ಓಡುತ್ತಿರುವ ಪ್ರೋಗ್ರಾಂಗೆ ಮಧ್ಯೆ ಸಂಖ್ಯೆ ತಲುಪಿಸಬೇಕಾದಾಗ ಆರ್‌ಟಿಡಿಇ. ಬೈನರಿ ಪ್ರೋಟೊಕಾಲ್, ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು). ಪ್ರತಿ ಪ್ಯಾಕೆಟ್‌ನ ಮೊದಲ 2 ಬೈಟ್ ಒಟ್ಟು ಉದ್ದ, 3ನೇ ಬೈಟ್ ಬಗೆ. ಆವೃತ್ತಿ 2 ಬೇಕು ಅಂತ ಕೇಳೋ ಪ್ಯಾಕೆಟ್ ಬೈಟ್ ಬೈಟಾಗಿ 0, 5, 86, 0, 2. ಒಪ್ಪಿದರೆ ಉತ್ತರ 0, 4, 86, 1. ಆಮೇಲೆ 79ರಿಂದ ಔಟ್‌ಪುಟ್ ಪಟ್ಟಿ, 73ರಿಂದ ಇನ್‌ಪುಟ್ ಪಟ್ಟಿ, 83ರಿಂದ ಶುರು, 85ರಲ್ಲಿ ಡೇಟಾ. ಪೈಥಾನ್‌ಗೆ ತಯಾರಕರದ್ದೇ ಕ್ಲೈಂಟ್ ಲೈಬ್ರರಿ ಇದೆ, ಇದನ್ನೆಲ್ಲ ಬರೆಯೋ ಅಗತ್ಯವಿಲ್ಲ. ಆದರೆ ವೈರ್‌ಶಾರ್ಕ್ (ನೆಟ್‌ವರ್ಕ್ ಪ್ಯಾಕೆಟ್ ತೋರಿಸೋ ಸಾಫ್ಟ್‌ವೇರ್) ತೆರೆದಾಗ ಏನು ಕಾಣ್ತಿದೆ ಅಂತ ಗೊತ್ತಿದ್ದರೆ ಒಳ್ಳೇದು.

ರಿಜಿಸ್ಟರ್ (ಸಂಖ್ಯೆ ಇಡೋ ರೋಬೋದ ಖಾನೆ) 0ರಿಂದ 23 ಫೀಲ್ಡ್‌ಬಸ್ (ಕಾರ್ಖಾನೆ ಯಂತ್ರಗಳ ನೆಟ್‌ವರ್ಕ್) ಮತ್ತು ಪಿಎಲ್‌ಸಿಗೆ (ಲೈನ್ ನಿಯಂತ್ರಿಸೋ ಕೈಗಾರಿಕಾ ಕಂಪ್ಯೂಟರ್) ಮೀಸಲು. ನಿಮ್ಮದು 24ರಿಂದ 47. ಡಬಲ್ ರಿಜಿಸ್ಟರ್ 24ರಿಂದ 29ರಲ್ಲಿ ಪೋಸ್, ಇಂಟಿಜರ್ ರಿಜಿಸ್ಟರ್ 24ರಲ್ಲಿ ಪ್ರತಿ ಸಲ 1 ಹೆಚ್ಚಾಗುವ ಕ್ರಮಸಂಖ್ಯೆ. ಎಲ್ಲವನ್ನೂ ಒಂದೇ ಇನ್‌ಪುಟ್ ಪಟ್ಟಿಯಲ್ಲಿ ಇಟ್ಟರೆ ಒಂದೇ 56 ಬೈಟ್ ಪ್ಯಾಕೆಟ್‌ನಲ್ಲಿ ಹೋಗುತ್ತೆ. ರೋಬೋ ಕ್ರಮಸಂಖ್ಯೆ ಓದಿ, ಪೋಸ್ ಓದಿ, ಕ್ರಮಸಂಖ್ಯೆಯನ್ನು ಮತ್ತೆ ಓದಲಿ. ಎರಡೂ ಒಂದೇ ಇದ್ದರೆ ಮಾತ್ರ ಆ ಪೋಸ್ ನಂಬಲಿ. ಕೆಲಸ ಮುಗಿದ ಮೇಲೆ ಅದೇ ಸಂಖ್ಯೆಯನ್ನು ಔಟ್‌ಪುಟ್ ಇಂಟಿಜರ್ ರಿಜಿಸ್ಟರ್ 24ಕ್ಕೆ ಬರೆಯಲಿ, ಪಿಸಿ ಅದನ್ನು ನೋಡಿ ಮುಂದಿನದನ್ನು ಕೊಡಲಿ. ನಿಮ್ಮ 3 ಸೆಕೆಂಡ್ ಸ್ಲೀಪ್‌ಗೆ ಆಗ ಕೆಲಸವೇ ಇಲ್ಲ.

ಎರಡು ಎಚ್ಚರಿಕೆ. ಒಂದು ಇನ್‌ಪುಟ್ ವೇರಿಯಬಲ್ ಒಂದು ಸಮಯಕ್ಕೆ ಒಬ್ಬ ಕ್ಲೈಂಟ್‌ಗೆ ಮಾತ್ರ. ಎರಡನೆಯವರಿಗೆ 'ಇನ್ ಯೂಸ್' ಅಂತ ಉತ್ತರ ಬರುತ್ತೆ. ಹಳೆಯ ಪೈಥಾನ್ ಪ್ರೋಸೆಸ್ ಹಿನ್ನೆಲೆಯಲ್ಲಿ ಇನ್ನೂ ಬದುಕಿದ್ದರೂ ಇದೇ ಗತಿ. ಇನ್ನೊಂದು, 500 ಹರ್ಟ್ಸ್ ಕೇಳಿ ಓದಲು ತಡಮಾಡಿದರೆ ಪ್ಯಾಕೆಟ್‌ಗಳು ಸಾಲು ನಿಲ್ಲುತ್ತವೆ, ಎದುರಿಗಿರೋ ಡೇಟಾ ನಿಧಾನಕ್ಕೆ ಹಳಸುತ್ತಾ ಹೋಗುತ್ತೆ. ಪಿಕ್ ಕೆಲಸಕ್ಕೆ 50 ಹರ್ಟ್ಸ್ ಧಾರಾಳ.

ಇಂಟರ್‌ಪ್ರಿಟರ್ ಮೋಡ್‌ನಲ್ಲಿ ಪೋರ್ಟ್ 30020 ನಿಜಕ್ಕೂ ಕ್ಯೂ ಥರ ಕೆಲಸ ಮಾಡುತ್ತೆ, ಪ್ರತಿ ಸಾಲಿಗೂ ಒಪ್ಪಿದೆ ಅಥವಾ ಬಿಸಾಕಿದೆ ಅಂತ ಉತ್ತರ ಬರುತ್ತೆ. ಒಪ್ಪಿದ ಸಾಲುಗಳು ಮೆಮೊರಿಯಲ್ಲಿ ಉಳಿಯುತ್ತವೆ, ಆಗಾಗ ಕ್ಲಿಯರ್ ಮಾಡಬೇಕು. ಪಾಥ್ ಪೂರ್ತಿ ಪಿಸಿಯಲ್ಲೇ ಹುಟ್ಟೋ ಕೆಲಸಕ್ಕೆ ಚೆನ್ನ, ಉದಾಹರಣೆಗೆ ಗ್ಲೂ ಹಾಕೋದು. ನಿಮಗೆ ಬೇಡ.

ಪ್ಯಾನೆಲ್_ಹುಬ್ಬಳ್ಳಿ:

ಲೈನಿನ್ಯಾಗ ಮೊದ್ಲಿಂದ ಸೀಮೆನ್ಸ್‌ನ ಎಸ್7-1200 ಅಥವಾ 1500 ಪಿಎಲ್‌ಸಿ ಇದ್ರ ಇಷ್ಟೆಲ್ಲಾ ಪೈಥಾನ್ ಯಾಕ್ರಿ? ರೋಬೋದಾಗ ಪ್ರೊಫಿನೆಟ್ (ಈಥರ್ನೆಟ್ ಮ್ಯಾಲಿನ ಫೀಲ್ಡ್‌ಬಸ್) ಆನ್ ಮಾಡ್ರಿ, ಟಿಐಎ ಪೋರ್ಟಲ್‌ಗೆ (ಪಿಎಲ್‌ಸಿ ಪ್ರೋಗ್ರಾಂ ಬರಿಯೂ ಸಾಫ್ಟ್‌ವೇರ್) ರೋಬೋದ ವಿವರ ಇರೂ ಜಿಎಸ್‌ಡಿಎಂಎಲ್ ಫೈಲ್ ಹಾಕ್ರಿ, ರಿಜಿಸ್ಟರ್ ಸೀದಾ ಪಿಎಲ್‌ಸಿ ಟ್ಯಾಗ್ ಆಗಿ ಬರ್ತಾವ. ಕನೆಕ್ಷನ್ ಹೋದ್ರ ಪ್ರೋಗ್ರಾಂ ಪಾಸ್ ಆಗಬೇಕೋ ಸ್ಟಾಪ್ ಆಗಬೇಕೋ ಅನ್ನೂದನ್ನ ಇನ್‌ಸ್ಟಲೇಷನ್ ಟ್ಯಾಬಿನ ಫೀಲ್ಡ್‌ಬಸ್ ಪುಟದಾಗ ಆರಿಸಬಹುದು. ಅದನ್ನ ಏನೂ ಮಾಡದೇ ಹಂಗ ಬಿಡಬ್ಯಾಡ್ರಿ.

ಪ್ರೊಫಿನೆಟ್ ಮ್ಯಾಲಿಂದ ಸೀದಾ ಮೂವ್ ಕಮಾಂಡ್ ಹೋಗಂಗಿಲ್ಲ, ಅದು ನೆನಪಿರಲಿ. ಹೋಗೂದು ಐಓ ಮತ್ತು ರಿಜಿಸ್ಟರ್ ಅಷ್ಟ. ಮೂವ್ ಮಾಡೂ ಪ್ರೋಗ್ರಾಂ ರೋಬೋದಾಗ ಇರಬೇಕು. ಇನ್ನೊಂದು ಮಾತು: ಪ್ರೊಫಿನೆಟ್ ಅಥವಾ ಈಥರ್ನೆಟ್/ಐಪಿ ಆನ್ ಇದ್ದಾಗ ಆರ್‌ಟಿಡಿಇ ಕ್ಲೈಂಟ್ 23ರ ಒಳಗಿನ ರಿಜಿಸ್ಟರ್ ಅಥವಾ ಸ್ಪೀಡ್ ಸ್ಲೈಡರ್ ಕೇಳಿದ್ರ ಜಗಳ ಬರ್ತೈತಿ. ಯಾರೋ ಒಮ್ಮೆ ಆನ್ ಮಾಡಿ ಬಿಟ್ಟು ಹೋಗಿರ್ತಾರ, ಉಪಯೋಗ ಇಲ್ಲಂದ್ರ ಆಫ್ ಮಾಡ್ರಿ.

ಟೀಚ್‌ಪೆಂಡೆಂಟ್:

ಪಿಎಲ್‌ಸಿ ಇದ್ದರೆ ಹುಬ್ಬಳ್ಳಿಯವರ ಮಾತೇ ಸರಿ. ಬರೀ ಪಿಸಿ ಇದ್ದಲ್ಲಿ ಅದಕ್ಕೋಸ್ಕರ ಪಿಎಲ್‌ಸಿ ತರೋದು ನನಗೆ ಒಪ್ಪಿಗೆ ಇಲ್ಲ.

ನೆಟ್‌ವರ್ಕ್ ಬಗ್ಗೆ ಯಾರೂ ಹೇಳಿಲ್ಲ. ಗಿಗ್‌ಇ ಕ್ಯಾಮೆರಾ ಫುಲ್ ಫ್ರೇಮ್ ರೇಟ್‌ನಲ್ಲಿ 1 ಗಿಗಾಬಿಟ್ ಲಿಂಕನ್ನು ಹೆಚ್ಚುಕಡಿಮೆ ತುಂಬಿಬಿಡುತ್ತೆ. ರೋಬೋದ ಪುಟ್ಟ ಪ್ಯಾಕೆಟ್ ಅದೇ ಪಿಸಿ ಪೋರ್ಟ್‌ನಲ್ಲಿ ಅದರ ಹಿಂದೆ ಕಾಯಬೇಕು. ಪಿಸಿಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ, ಕ್ಯಾಮೆರಾವನ್ನು 192.168.2.30ಕ್ಕೆ ಕಳಿಸಿ. ಸಬ್‌ನೆಟ್ ಬೇರೆ ಆಗಲೇಬೇಕು. ಎರಡೂ ಕಾರ್ಡ್ 192.168.1ರಲ್ಲೇ ಇದ್ದರೆ ಪಿಸಿ ಯಾವ ಕಡೆಯಿಂದ ಕಳಿಸುತ್ತೆ ಅನ್ನೋದು ಲಾಟರಿ. ಕೇಬಲ್ ಶೀಲ್ಡೆಡ್ ಇರಲಿ, ವಿಎಫ್‌ಡಿ (ಮೋಟಾರ್ ವೇಗ ಬದಲಿಸೋ ಡ್ರೈವ್) ಮೋಟಾರ್ ಕೇಬಲ್ ಇರೋ ಕೇಬಲ್ ಟ್ರೇಯಲ್ಲಿ ಎಳೀಬೇಡಿ. ವೈಫೈ ಬೇಡವೇ ಬೇಡ.

ಕನೆಕ್ಟ್ ಆಗದಿದ್ದರೆ ಎರರ್ ಓದಿ. 'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಆ ಐಪಿಯಲ್ಲಿ ಯಂತ್ರ ಇದೆ, ಪೋರ್ಟ್ ಮುಚ್ಚಿದೆ: ಹೊಸ ಪಾಲಿಸ್ಕೋಪ್ 5ರಲ್ಲಿ ಸೆಟ್ಟಿಂಗ್ಸ್, ಸೆಕ್ಯುರಿಟಿ, ಸರ್ವಿಸಸ್ ಒಳಗೆ ಆ ಸೇವೆ ಆನ್ ಇದೆಯಾ ನೋಡಿ. ಟೈಮ್‌ಔಟ್ ಆದರೆ ಐಪಿ, ಕೇಬಲ್, ಇಲ್ಲವೇ ಫೈರ್‌ವಾಲ್. ರೋಬೋ ಪಿಸಿಗೆ ಕನೆಕ್ಟ್ ಆಗೋ ಪದ್ಧತಿಯಲ್ಲಿ ಪಿಸಿ ಕಡೆಯ ಫೈರ್‌ವಾಲ್‌ನಲ್ಲಿ 50000 ತೆರೆದಿರಬೇಕು. ಮತ್ತೆ, ಈ ಪೋರ್ಟ್‌ಗಳಿಗೆ ಪಾಸ್‌ವರ್ಡ್ ಇಲ್ಲ. 29999ಕ್ಕೆ ಟೆಲ್ನೆಟ್ ಮಾಡಿದ ಯಾರು ಬೇಕಾದರೂ ರಿಮೋಟ್ ಮೋಡ್‌ನಲ್ಲಿರೋ ರೋಬೋಗೆ ಪ್ಲೇ ಕೊಡಬಹುದು. ಆಫೀಸ್ ಲ್ಯಾನ್‌ಗೆ ಸೇರಿಸಬೇಡಿ.

ಎಮರ್ಜೆನ್ಸಿ ಸ್ಟಾಪ್ ಪಿಸಿಯಿಂದ ಕೊಡಬಾರದು. ಡ್ಯಾಶ್‌ಬೋರ್ಡ್‌ನ ಸ್ಟಾಪ್ ಪ್ರೋಗ್ರಾಂ ನಿಲ್ಲಿಸೋ ವಿನಂತಿ ಅಷ್ಟೇ. ಬಟನ್, ಲೈಟ್ ಕರ್ಟನ್ ಎರಡೂ ಕಂಟ್ರೋಲ್ ಬಾಕ್ಸ್‌ನ ಸೇಫ್ಟಿ ಟರ್ಮಿನಲ್‌ಗೆ ಡ್ಯುಯಲ್ ಚಾನೆಲ್ ವೈರಿನಲ್ಲಿ ಬರಬೇಕು. ಕೇಬಲ್ ಕಿತ್ತರೆ ಟಿಸಿಪಿಗೆ ತಕ್ಷಣ ಗೊತ್ತಾಗಲ್ಲ ಅನ್ನೋದೂ ನೆನಪಿರಲಿ. ಲಿನಕ್ಸ್‌ನಲ್ಲಿ ಕೀಪ್‌ಅಲೈವ್ (ಸಂಪರ್ಕ ಬದುಕಿದೆಯಾ ಅಂತ ವಿಚಾರಿಸೋದು) ಆನ್ ಮಾಡಿದರೂ ಡಿಫಾಲ್ಟ್ ಕಾಯುವಿಕೆ 7200 ಸೆಕೆಂಡ್, ಅಂದರೆ 2 ಗಂಟೆ. ಆರ್‌ಟಿಡಿಇ ಬಳಸಿದರೆ ರೋಬೋ ಪ್ರೋಗ್ರಾಂನಲ್ಲಿ ಆರ್‌ಟಿಡಿಇ ಸೆಟ್ ವಾಚ್‌ಡಾಗ್ ಫಂಕ್ಷನ್‌ಗೆ ಒಂದು ರಿಜಿಸ್ಟರ್, ಕನಿಷ್ಠ ಹರ್ಟ್ಸ್, ಸ್ಟಾಪ್ ಅನ್ನೋ ಕ್ರಮ ಕೊಡಿ. ಇದು ಉತ್ಪಾದನೆಗೆ ಕಾವಲು, ಮನುಷ್ಯರಿಗೆ ಅಲ್ಲ.

ಪ್ರೊಟೆಕ್ಟಿವ್ ಸ್ಟಾಪ್ (ಡಿಕ್ಕಿ ಮುಂತಾದಾಗ ರೋಬೋ ತಾನೇ ನಿಲ್ಲೋದು) ಆದರೆ ಡ್ಯಾಶ್‌ಬೋರ್ಡ್‌ನಿಂದ ಅನ್‌ಲಾಕ್ ಮಾಡಬಹುದು, ಆದರೆ ಸ್ಟಾಪ್ ಆಗಿ 5 ಸೆಕೆಂಡ್ ಆಗೋವರೆಗೂ ಒಪ್ಪಲ್ಲ. ಅದನ್ನು ಲೂಪ್‌ನಲ್ಲಿ ಹಾಕಿ ತಾನಾಗೇ ಅನ್‌ಲಾಕ್ ಆಗೋ ಹಾಗೆ ಮಾತ್ರ ಬರೀಬೇಡಿ.

ರಿಜಿಸ್ಟರ್24:

ಕನ್ವೇಯರ್ ಪ್ರಶ್ನೆ ಉಳಿದಿತ್ತು. ಸರ್ವೋಜೆ ಅನ್ನೋ ಫಂಕ್ಷನ್‌ನಿಂದ ಪಿಸಿಯೇ 2 ಮಿಲಿಸೆಕೆಂಡಿಗೊಮ್ಮೆ ಟಾರ್ಗೆಟ್ ಕೊಡೋ ಆಸೆ ಎಲ್ಲರಿಗೂ ಬರುತ್ತೆ. ಮಾಮೂಲಿ ಉಬುಂಟುನಲ್ಲಿ ಪೈಥಾನ್ ಆ ತಾಳ ಹಿಡಿಯಲ್ಲ. ತಡವಾದಾಗ ರೋಬೋ ಹಳೆ ಟಾರ್ಗೆಟ್‌ನಲ್ಲಿ ನಿಂತು, ಆಮೇಲೆ ಹಾರಿ ಹಿಡಿಯಲು ಹೋಗಿ ನಡುಗುತ್ತೆ. ಲುಕ್‌ಅಹೆಡ್ 0.03ರಿಂದ 0.2 ಸೆಕೆಂಡ್, ಗೇನ್ 100ರಿಂದ 2000 ಕೊಡಬಹುದು; 0.1 ಮತ್ತು 300ರಿಂದ ಶುರುಮಾಡಬೇಕು. ಲುಕ್‌ಅಹೆಡ್ ಇಳಿಸಿ ಗೇನ್ ಏರಿಸಿದಷ್ಟೂ ಕಂಪನ ಜಾಸ್ತಿ.

ಕನ್ವೇಯರ್‌ಗೆ ಇದು ಬೇಕಾಗೇ ಇಲ್ಲ. ಬೆಲ್ಟ್ ಎಷ್ಟು ಓಡಿತು ಅಂತ ಎಣಿಸೋ ಕ್ವಾಡ್ರೇಚರ್ ಎನ್ಕೋಡರನ್ನು (24 ವೋಲ್ಟ್ ಔಟ್‌ಪುಟ್‌ನದ್ದು, 5 ವೋಲ್ಟ್ ಲೈನ್ ಡ್ರೈವರ್ ಅಲ್ಲ) ಡಿಜಿಟಲ್ ಇನ್‌ಪುಟ್ 8ರಿಂದ 11ರ ನಡುವೆ ಎರಡಕ್ಕೆ ಕೊಟ್ಟು ರೋಬೋದ ಕನ್ವೇಯರ್ ಟ್ರ್ಯಾಕಿಂಗ್ ಬಳಸಿ. ಕ್ಯಾಮೆರಾವನ್ನು ರೋಬೋದ ಡಿಜಿಟಲ್ ಔಟ್‌ಪುಟ್‌ನಿಂದಲೇ ಟ್ರಿಗರ್ ಮಾಡಿ, ಅದೇ ಕ್ಷಣದ ಎನ್ಕೋಡರ್ ಎಣಿಕೆಯನ್ನು ರೋಬೋದಲ್ಲಿ ಹಿಡಿದಿಡಿ. ಪಿಸಿ ಉತ್ತರ ಕೊಡೋದು 50 ಮಿಲಿಸೆಕೆಂಡ್ ಹಿಂದುಮುಂದಾದರೂ ಲೆಕ್ಕ ಆ ಎಣಿಕೆಯಿಂದ ನಡೆಯುತ್ತೆ. ಎಣಿಕೆ ಹಿಡಿಯದೆ ಬರೀ ಪಾಯಿಂಟ್ ನಂಬಿದರೆ ಸೆಕೆಂಡಿಗೆ 200 ಮಿಲಿಮೀಟರ್ ಓಡೋ ಬೆಲ್ಟ್‌ನಲ್ಲಿ ಆ 50 ಮಿಲಿಸೆಕೆಂಡಿಗೇ 10 ಮಿಲಿಮೀಟರ್ ತಪ್ಪು.

ವಿಷನ್_ಬೆಂಚ್:

ಸಾಕೆಟ್ ಪದ್ಧತಿಗೆ ಬದಲಾಯಿಸಿದೆ, ಕ್ಯಾಮೆರಾ ಬೇರೆ ಕಾರ್ಡ್‌ಗೆ ಹೋಯ್ತು. ಲ್ಯಾಪ್‌ಟಾಪ್‌ನಿಂದ ಓಡಿಸಿದರೆ ಎಲ್ಲ ಸರಿ. ಅದೇ ಕೋಡ್ ಹೊಸ ಪಿಸಿಯಲ್ಲಿ ಹಾಕಿದರೆ ರೋಬೋ ಕಡೆ ಎಣಿಕೆ 4 ಬರ್ತಾನೇ ಇಲ್ಲ. ನಾಲ್ಕು ಸಂಖ್ಯೆಯ ಟಪಲನ್ನು (ಪೈಥಾನ್‌ನ ಒಂದು ಬಗೆಯ ಪಟ್ಟಿ) ಎಸ್‌ಟಿಆರ್ ಫಂಕ್ಷನ್‌ನಿಂದ ನೇರ ಸ್ಟ್ರಿಂಗ್ ಮಾಡಿ ಕಳಿಸ್ತಿದೀನಿ.

ಟೀಚ್‌ಪೆಂಡೆಂಟ್:

ಹೊಸ ಪಿಸಿಯಲ್ಲಿ ನಮ್‌ಪೈ (ಪೈಥಾನ್‌ನ ಗಣಿತ ಲೈಬ್ರರಿ) ಆವೃತ್ತಿ 2 ಇರಬೇಕು, ಲ್ಯಾಪ್‌ಟಾಪ್‌ನಲ್ಲಿ 1. ಆವೃತ್ತಿ 2ರಿಂದ ಟಪಲ್ ಒಳಗಿನ ನಮ್‌ಪೈ ಸಂಖ್ಯೆ ಪ್ರಿಂಟ್ ಆಗುವಾಗ ಬರೀ 0.412 ಬರಲ್ಲ, ಟೈಪ್‌ನ ಹೆಸರೂ ಆವರಣವೂ ಸೇರಿ ಬರುತ್ತೆ. ರೋಬೋ ಅದನ್ನು ಸಂಖ್ಯೆ ಅಂತ ಒಪ್ಪಲ್ಲ. ನಾಲ್ಕನ್ನೂ ಒಂದೊಂದಾಗಿ 5 ದಶಮಾಂಶದ ಸ್ಥಿರ ಫಾರ್ಮ್ಯಾಟ್‌ನಲ್ಲಿ ಬರೆದು ಜೋಡಿಸಿ. ತೀರ ಸಣ್ಣ ಸಂಖ್ಯೆಯನ್ನು ಪೈಥಾನ್ ಘಾತಾಂಕ ರೂಪದಲ್ಲಿ ಬರೆಯೋದೂ ಅದರಿಂದಲೇ ತಪ್ಪುತ್ತೆ. ಕಳಿಸೋ ಮುಂಚೆ ಆ ಸ್ಟ್ರಿಂಗನ್ನು ಲಾಗ್ ಫೈಲ್‌ಗೆ ಬರೆದಿಡಿ.